ಕೈ ಮುರಿಯುವ ತನಕ ಇಸಿಜಿ ಇಲ್ಲ!

ಎಲ್ಲೂರಿನ ಒಬ್ಬರು ದೊಡ್ಡಮ್ಮನ ಕೈ ಮುರಿದದ್ದು ಒಳ್ಳೆಯದೇ ಆಯಿತು. ಹೀಗೆ ಬರೆಯಬಾರದು ಎಂದು ನಮಗೂ ಗೊತ್ತುಂಟು. ಆದರೆ ಅವರ ಮನೆಯವರೇ ಈಗ ಹಾಗೆ ಹೇಳುತ್ತಾರೆ, ದೊಡ್ಡಮ್ಮನೂ ಹೌದೆನ್ನುತ್ತಾರೆ. ಹೆಸರು ಹಾಕುವುದು ಮಾತ್ರ ಬೇಡ ಅಂದಿದ್ದಾರೆ.

ವಯಸ್ಸು ಎಪ್ಪತ್ತು ದಾಟಿದೆ. ಮನೆಯ ಹಿಂದೆ ನಾಲ್ಕು ಸಾಲು ಮಲ್ಲಿಗೆ ಗಿಡ. ಬೆಳಗಾಗುವ ಮೊದಲೇ ಎದ್ದು ಮೊಗ್ಗು ಕೊಯ್ದು ಕೊಟ್ಟರೆ ಅಂದಿನ ಖರ್ಚಿಗೆ ಆಯಿತು. ಮೊದಲ ಸಲ ಬಿದ್ದದ್ದು ಬಾವಿಕಟ್ಟೆಯ ಹತ್ತಿರ. "ತರೆ ತಿರ್ಗುಂಡು" ಅಂದರು. ಮನೆಯವರು ಸಕ್ಕರೆ ನೀರು ಕೊಟ್ಟರು, ಎದ್ದು ಕುಳಿತರು, ಎಲ್ಲರೂ ಮರೆತರು. ಎರಡನೇ ಸಲ ಬಿದ್ದಾಗ ಪಿತ್ತ ಅಂದರು ಕೆಲವರು, ಬಿ.ಪಿ. ಲೋ ಅಂದರು ಕೆಲವರು, ಗಾಳಿ ಸೋಂಕು ಇರಬಹುದು ಅಂತ ನೂಲು ಕಟ್ಟಿಸಿದವರೂ ಉಂಟು. ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋದರು. ಬಾಟಲಿ ಏರಿಸಿ, ಶಕ್ತಿಗೆ ಮಾತ್ರೆ ಕೊಟ್ಟು, "ವಯಸ್ಸಾಯ್ತಲ್ಲ ಅಮ್ಮ" ಎಂದು ಕಳಿಸಿದರು.

ಮೂರನೇ ಸಲ ಬಿದ್ದಾಗ ಕೈಯ ಮೂಳೆ ಮುರಿಯಿತು. ರಾಡ್ ಹಾಕಬೇಕು, ಅದಕ್ಕೆ ಅರಿವಳಿಕೆ ಕೊಡಬೇಕು, ಅದಕ್ಕೆ ಮೊದಲು ಇಸಿಜಿ ತೆಗೆಯಬೇಕು. ತೆಗೆದರು. ಮೂಳೆ ಡಾಕ್ಟ್ರು ಆ ಕಾಗದ ನೋಡಿ ಕೈಯ ವಿಷಯ ಬಿಟ್ಟೇ ಬಿಟ್ಟರು. ಹೃದಯ ಬಡಿತ ನಿಮಿಷಕ್ಕೆ 34. ಕಂಪ್ಲೀಟ್ ಹಾರ್ಟ್ ಬ್ಲಾಕ್. ಮೊದಲು ತಾತ್ಕಾಲಿಕ ಪೇಸ್‌ಮೇಕರ್, ಆಮೇಲೆ ಶಾಶ್ವತದ್ದು, ಕೈಯ ಆಪರೇಷನ್ ಅದರ ನಂತರ.

ದೊಡ್ಡಮ್ಮ ನಮ್ಮನ್ನು ಕೇಳಿದ್ದು ಒಂದೇ ಪ್ರಶ್ನೆ. "ಇದು ಮೊದಲೇ ಗೊತ್ತಾಗ್ತಿರ್ಲಿಲ್ವಾ ಮಗಾ?"

ಗೊತ್ತಾಗುತ್ತಿತ್ತು ದೊಡ್ಡಮ್ಮ. ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ಅರ್ಧ ನಿಮಿಷ ಎಣಿಸಿದ್ದರೆ ಸಂಶಯವಾದರೂ ಬರುತ್ತಿತ್ತು. ಹತ್ತು ನಿಮಿಷದ ಇಸಿಜಿ ತೆಗೆದಿದ್ದರೆ ಬಹುಶಃ ಅಂದೇ ಸಿಗುತ್ತಿತ್ತು. ಯಾರೂ ಬೆರಳಿಡಲಿಲ್ಲ. ಇದೇ ನಮ್ಮ ಸಿಟ್ಟು.

ಊರಲ್ಲಿ ನಾವೆಲ್ಲ ಮಾಡುವ ಒಂದು ಗಲಿಬಿಲಿಯನ್ನು ಇಲ್ಲಿ ಬಿಡಿಸಬೇಕು. "ಹಾರ್ಟಿನಲ್ಲಿ ಬ್ಲಾಕ್" ಅಂದ ಕೂಡಲೇ ನಮಗೆ ನೆನಪಾಗುವುದು ರಕ್ತನಾಳದಲ್ಲಿ ಕೊಬ್ಬು ಕಟ್ಟಿಕೊಳ್ಳುವುದು, ಆಂಜಿಯೋಗ್ರಾಂ, ಸ್ಟೆಂಟು. ದೊಡ್ಡಮ್ಮನ ಮಗ ಮುಂಬೈಯಿಂದ ಫೋನ್ ಮಾಡಿ ಕೇಳಿದ್ದೂ ಅದನ್ನೇ, "ಬ್ಲಾಕ್ ಇದ್ದರೆ ಸ್ಟೆಂಟ್ ಹಾಕಬೇಕು, ಇವರು ಯಾಕೆ ಪೇಸ್‌ಮೇಕರ್ ಹೇಳ್ತಾರೆ, ದುಡ್ಡು ಮಾಡ್ಲಿಕ್ಕಾ?" ಹಾಗಲ್ಲ. ತೋಟದ ಪಂಪ್‌ಸೆಟ್ ನೆನಪು ಮಾಡಿಕೊಳ್ಳಿ. ಪೈಪಿನಲ್ಲಿ ಕಸ ಕಟ್ಟಿದರೆ ನೀರು ಬರುವುದಿಲ್ಲ, ಅದು ಒಂದು ರಿಪೇರಿ. ಪೈಪು ಸರಿಯಿದ್ದು ಸ್ಟಾರ್ಟರಿನ ವಯರು ಕೆಟ್ಟರೂ ನೀರು ಬರುವುದಿಲ್ಲ, ಅದು ಬೇರೆಯೇ ರಿಪೇರಿ. ಹೃದಯಾಘಾತ ಪೈಪಿನ ತೊಂದರೆ. ಹಾರ್ಟ್ ಬ್ಲಾಕ್ ವಯರಿನ ತೊಂದರೆ.

ಹೃದಯದ ಮೇಲಿನ ಬಲ ಕೋಣೆಯಲ್ಲಿ ಒಂದು ಸಣ್ಣ ಜೀವಕೋಶಗಳ ಗುಂಪು ಉಂಟು. ಅದು ಹುಟ್ಟಿಸುವ ವಿದ್ಯುತ್ ಸೂಚನೆ ಮೇಲಿನ ಕೋಣೆಗಳಿಂದ ಕೆಳಗಿನ ಕೋಣೆಗಳಿಗೆ ಇಳಿದಾಗ ಹೃದಯ ಒಮ್ಮೆ ಬಡಿಯುತ್ತದೆ. ದಿನಕ್ಕೆ ಸುಮಾರು 1 ಲಕ್ಷ ಸಲ. ಸುಮ್ಮನೆ ಕೂತಿರುವ ಆರೋಗ್ಯವಂತರಲ್ಲಿ ಸಾಧಾರಣವಾಗಿ ನಿಮಿಷಕ್ಕೆ 60ರಿಂದ 100. ವಯಸ್ಸಾದಂತೆ ಈ ಸೂಚನೆ ಹುಟ್ಟುವ ಜಾಗ ಸೋಲಬಹುದು, ಅಥವಾ ಇಳಿಯುವ ದಾರಿ ಕಡಿಯಬಹುದು. ಆಗ ಕೆಳಗಿನ ಕೋಣೆ ತನ್ನಷ್ಟಕ್ಕೆ 30, 40ರ ಲೆಕ್ಕದಲ್ಲಿ ಬಡಿದುಕೊಂಡು ಹೇಗೋ ದಿನ ದೂಡುತ್ತದೆ. ನಡುವೆ ಒಮ್ಮೆ ಕೆಲವು ಸೆಕೆಂಡು ನಿಂತರೆ ಮೆದುಳಿಗೆ ರಕ್ತ ಹೋಗುವುದಿಲ್ಲ, ಮನುಷ್ಯ ಬೀಳುತ್ತಾನೆ. ಬಡಿತ ಶುರುವಾದರೆ ಎದ್ದು ಕೂರುತ್ತಾನೆ. ಎದ್ದು ಕೂತನಲ್ಲ ಎಂಬ ಕಾರಣಕ್ಕೇ ನಾವು ಸಕ್ಕರೆ ನೀರಿಗೆ ಶಹಬಾಸ್ ಹೇಳುತ್ತೇವೆ. ಸಕ್ಕರೆ ನೀರು ಏನೂ ಮಾಡಲಿಲ್ಲ ಮಾರಾಯ್ರೆ.

ಬೀಳುವುದೊಂದೇ ಲಕ್ಷಣ ಅಲ್ಲ. ಮೊದಲು ದೇವಸ್ಥಾನದ ಮೆಟ್ಟಿಲು ಸಲೀಸಾಗಿ ಹತ್ತುತ್ತಿದ್ದವರು ಈಗ ನಡುವೆ ಎರಡು ಸಲ ಕೂರುತ್ತಾರೆ. ಕಾಲು ಊದುತ್ತದೆ. ಮಾತು ಮರೆಯುತ್ತಾರೆ, ಹಗಲು ಹೊತ್ತು ತೂಕಡಿಸುತ್ತಾರೆ. ಇದಕ್ಕೆಲ್ಲ ನಮ್ಮಲ್ಲಿ ಒಂದೇ ಶಬ್ದ, "ಪ್ರಾಯ". ಪ್ರಾಯ ಆಗಿದ್ದೂ ಹೌದು, ಹೃದಯ ನಿಧಾನ ಆಗಿದ್ದೂ ಹೌದು. ಮೊದಲನೆಯದಕ್ಕೆ ಮದ್ದಿಲ್ಲ, ಎರಡನೆಯದಕ್ಕೆ ಉಂಟು. ಎರಡನ್ನೂ ಒಂದೇ ಚೀಲದಲ್ಲಿ ಕಟ್ಟಿಡುವುದು ನಮ್ಮ ತಪ್ಪು.

ಈ ತಪ್ಪಿನಲ್ಲಿ ಸುದ್ದಿ ಬರೆಯುವ ನಮ್ಮ ಪಾಲೂ ಉಂಟು, ಅದನ್ನು ಮುಚ್ಚಿಡುವುದಿಲ್ಲ. ಊರಲ್ಲಿ ಯಾರಾದರೂ ಹಠಾತ್ತನೆ ತೀರಿಕೊಂಡರೆ ನಾವು ಪತ್ರಿಕೆಗೆ ಕಳಿಸುವುದು "ಹೃದಯಾಘಾತದಿಂದ ನಿಧನ". ಮರಣೋತ್ತರ ಪರೀಕ್ಷೆ ಆಗಿರುವುದಿಲ್ಲ, ಇಸಿಜಿ ಇರುವುದಿಲ್ಲ, ಡಾಕ್ಟ್ರನ್ನು ಕೇಳಿರುವುದಿಲ್ಲ. 2025ರ ಮೇ 12ರಂದು ಕಾರ್ಕಳದ ನಿಟ್ಟೆಯಲ್ಲಿ ಮೆಹಂದಿ ಕಾರ್ಯಕ್ರಮಕ್ಕೆ ಬಂದಿದ್ದ ಹಾಸ್ಯನಟ ರಾಕೇಶ್ ಪೂಜಾರಿ ಕುಸಿದು ತೀರಿಕೊಂಡಾಗ ಇಡೀ ಜಿಲ್ಲೆ ಬೆಚ್ಚಿತು. ಮರು ತಿಂಗಳು ಹಾಸನದಲ್ಲಿ 40 ದಿನಗಳಲ್ಲಿ 20ಕ್ಕೂ ಹೆಚ್ಚು ಸಾವುಗಳ ಸುದ್ದಿ. ಕೋವಿಡ್ ಲಸಿಕೆಯೇ ಕಾರಣ ಎಂಬ ಫಾರ್ವರ್ಡ್‌ಗಳು ನಮ್ಮ ಫೋನಿಗೂ ನಿಮ್ಮ ಫೋನಿಗೂ ಬಂದವು. ಜಯದೇವ ಆಸ್ಪತ್ರೆಯ ಡಾ. ಕೆ.ಎಸ್. ರವೀಂದ್ರನಾಥ್ ಅವರ ಸಮಿತಿ ವರದಿ ಕೊಟ್ಟು ಲಸಿಕೆಗೂ ಅದಕ್ಕೂ ಸಂಬಂಧ ಕಾಣಲಿಲ್ಲ ಎಂದಿತು. ಅದು ಫಾರ್ವರ್ಡ್ ಆಗಲಿಲ್ಲ. ಬೆಂಗಳೂರು, ಮೈಸೂರಿನ ಜಯದೇವದ ಎದುರು ಮಾತ್ರ ಉದ್ದ ಕ್ಯೂ ನಿಂತಿತು.

ಆ ಗದ್ದಲದಲ್ಲಿ ನಾವು ಕಲಿತದ್ದು ಇಷ್ಟೇ, ಎದೆನೋವು ಬಂದರೆ ಓಡಬೇಕು. ಒಳ್ಳೆಯದೇ. ಎದೆನೋವಿಲ್ಲದೆ ಸುಮ್ಮನೆ ಬೀಳುವ ಅಜ್ಜ ಅಜ್ಜಿಯರ ಸುದ್ದಿ ಮಾತ್ರ ಯಾರೂ ಎತ್ತಲಿಲ್ಲ. ಹಠಾತ್ ಸಾವು ಸುದ್ದಿಯಾಗುತ್ತದೆ. ಎರಡು ವರ್ಷ ತಲೆಸುತ್ತಿಕೊಂಡು ಬದುಕುವುದು ಸುದ್ದಿಯಾಗುವುದಿಲ್ಲ.

ಪೇಸ್‌ಮೇಕರ್ ಅಂದರೆ ಜನರಿಗೆ ಇನ್ನೂ ದೊಡ್ಡ ಭಯ. ಎದೆ ಸೀಳುತ್ತಾರೆ ಅಂದುಕೊಳ್ಳುತ್ತಾರೆ. ಸೀಳುವುದಿಲ್ಲ. ಕೊರಳ ಪಟ್ಟಿ ಮೂಳೆಯ ಕೆಳಗೆ, ಸಾಮಾನ್ಯವಾಗಿ ಎಡಬದಿಯಲ್ಲಿ, ಆ ಜಾಗ ಮಾತ್ರ ಮರಗಟ್ಟಿಸಿ ಸಣ್ಣ ಗಾಯ ಮಾಡುತ್ತಾರೆ. ರಕ್ತನಾಳದ ಮೂಲಕ ತೆಳ್ಳಗಿನ ತಂತಿಯನ್ನು ಹೃದಯದ ಒಳಗೆ ಇಳಿಸುತ್ತಾರೆ, ಅದರ ಇನ್ನೊಂದು ತುದಿಗೆ ಬೆಂಕಿಪೊಟ್ಟಣಕ್ಕಿಂತಲೂ ಚಪ್ಪಟೆಯಾದ ಡಬ್ಬಿ ಜೋಡಿಸಿ ಚರ್ಮದ ಅಡಿಯಲ್ಲಿ ಇಡುತ್ತಾರೆ. ಒಂದೆರಡು ಗಂಟೆಯ ಕೆಲಸ. ಕಾಂಗ್ರೆಸ್ ಅಧ್ಯಕ್ಷ ಮಲ್ಲಿಕಾರ್ಜುನ ಖರ್ಗೆ ಅವರಿಗೆ ಬೆಂಗಳೂರಿನ ಎಂ.ಎಸ್. ರಾಮಯ್ಯ ಆಸ್ಪತ್ರೆಯಲ್ಲಿ 2025ರ ಅಕ್ಟೋಬರ್ 1ರಂದು ಪೇಸ್‌ಮೇಕರ್ ಹಾಕಿದರು. ಆಗ ಅವರಿಗೆ 83. ಕೆಲವೇ ದಿನಗಳಲ್ಲಿ ಕೆಲಸಕ್ಕೆ ಮರಳಿದರು. ಅವರ ಪಕ್ಷ ನಿಮಗೆ ಆಗಬಹುದು, ಆಗದಿರಬಹುದು. 83ನೇ ವಯಸ್ಸಿನ ನಾಯಕರಿಗೆ "ಪ್ರಾಯ ಆಯಿತು, ಬಿಡಿ" ಎಂದು ಯಾರೂ ಹೇಳಲಿಲ್ಲ ಎಂಬುದನ್ನು ಮಾತ್ರ ನೋಡಿ.

ಈಗಿನ ಯಂತ್ರ ಸುಮ್ಮನೆ ಟಿಕ್ ಟಿಕ್ ಹೊಡೆಯುವ ಗಡಿಯಾರ ಅಲ್ಲ. ಮೊದಲು ಅದು ಕೇಳುತ್ತದೆ. ಹೃದಯ ತಾನಾಗಿ ಬಡಿದರೆ ಸುಮ್ಮನಿರುತ್ತದೆ, ಬಡಿಯಬೇಕಾದ ಹೊತ್ತು ಮೀರಿದರೆ ಮಾತ್ರ ಒಂದು ಸಣ್ಣ ಸೂಚನೆ ಕೊಡುತ್ತದೆ. ಮೆಟ್ಟಿಲು ಹತ್ತುವಾಗ, ಗದ್ದೆಗೆ ಇಳಿಯುವಾಗ ದೇಹ ಅಲುಗುವುದನ್ನು ಗುರುತಿಸಿ ಬಡಿತ ಏರಿಸುವಂಥವು ಉಂಟು, ಮಲಗಿದಾಗ ಇಳಿಸುತ್ತವೆ. ಒಂದು ತಂತಿಯದ್ದು ಉಂಟು, ಮೇಲಿನ ಮತ್ತು ಕೆಳಗಿನ ಕೋಣೆಗಳನ್ನು ಹೊಂದಿಸುವ ಎರಡು ತಂತಿಯದ್ದು ಉಂಟು. ಹೃದಯದ ಎರಡು ಬದಿ ಒಟ್ಟಿಗೆ ಹಿಂಡದೆ ಸೋತವರಿಗೆ ಮೂರು ತಂತಿಯದ್ದು. ತಂತಿಯೇ ಇಲ್ಲದೆ, ದೊಡ್ಡ ಕ್ಯಾಪ್ಸೂಲಿನಷ್ಟು ಗಾತ್ರದ್ದನ್ನು ತೊಡೆಯ ರಕ್ತನಾಳದಿಂದ ಹೃದಯದೊಳಗೇ ಕೂರಿಸುವುದೂ ಬಂದಿದೆ. ಅಮೆರಿಕದಲ್ಲಿ ಅದಕ್ಕೆ ಮೊದಲು ಒಪ್ಪಿಗೆ ಸಿಕ್ಕಿದ್ದು 2016ರಲ್ಲಿ. ಬೆಲೆ ಮಾತ್ರ ಹಲವು ಲಕ್ಷ. ಎಲ್ಲರಿಗೂ ಅದು ಬೇಕೆಂದೂ ಇಲ್ಲ. ಹೃದಯ ವಿಪರೀತ ವೇಗವಾಗಿ ಅಡ್ಡಾದಿಡ್ಡಿ ಹೊಡೆದುಕೊಳ್ಳುವ ಅಪಾಯ ಇರುವವರಿಗೆ ಶಾಕ್ ಕೊಡುವ ಬೇರೆ ಯಂತ್ರ ಉಂಟು, ಅದನ್ನು ಐಸಿಡಿ ಎನ್ನುತ್ತಾರೆ. ಎರಡನ್ನೂ ಒಂದೇ ಎಂದು ತಿಳಿಯಬೇಡಿ.

ಶುರುವಿನಲ್ಲಿ ಈ ಯಂತ್ರವನ್ನು ಗೋಡೆಯ ಪ್ಲಗ್ಗಿಗೆ ಸಿಕ್ಕಿಸಬೇಕಿತ್ತು. 1957ರ ಅಕ್ಟೋಬರ್ 31ರಂದು ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಕರೆಂಟ್ ಹೋಯಿತು. ಆಪರೇಷನ್ ಆದ ಮಕ್ಕಳ ಹೃದಯ ನಡೆಯುತ್ತಿದ್ದದ್ದು ಆ ಪ್ಲಗ್ಗಿನ ಮೇಲೆ. ಸರ್ಜನ್ ವಾಲ್ಟನ್ ಲಿಲ್ಲೆಹೈ ಆಸ್ಪತ್ರೆಯ ಯಂತ್ರ ರಿಪೇರಿ ಮಾಡುತ್ತಿದ್ದ ಅರ್ಲ್ ಬಕೆನ್ ಎಂಬವರಿಗೆ ಬ್ಯಾಟರಿಯದ್ದು ಮಾಡಿಕೊಡಲು ಹೇಳಿದರು. ಗ್ಯಾರೇಜಿನಲ್ಲಿ ಕೂತು ಅವರು ಮಾಡಿಕೊಟ್ಟರು. (ಮೆಸ್ಕಾಂ ಗ್ರಾಹಕರಾದ ನಮಗೆ ಈ ಕಥೆ ಬೇಗ ಅರ್ಥವಾಗುತ್ತದೆ.) ಮರು ವರ್ಷ, 1958ರ ಅಕ್ಟೋಬರ್ 8ರಂದು, ಸ್ವೀಡನ್ನಿನಲ್ಲಿ ಆರ್ನೆ ಲಾರ್ಸನ್ ಎಂಬವರಿಗೆ ದೇಹದೊಳಗೇ ಇಡುವ ಪೇಸ್‌ಮೇಕರ್ ಹಾಕಿದರು. ಮೊದಲನೆಯದು ಕೆಲವು ಗಂಟೆ ಮಾತ್ರ ನಡೆಯಿತು. ಲಾರ್ಸನ್ 20ಕ್ಕೂ ಹೆಚ್ಚು ಪೇಸ್‌ಮೇಕರ್ ಬದಲಿಸಿಕೊಂಡು 2001ರ ತನಕ, 86 ವರ್ಷ ಬದುಕಿದರು. ಯಂತ್ರ ಮಾಡಿದ ಎಂಜಿನಿಯರೂ ಹಾಕಿದ ಸರ್ಜನ್ನೂ ಅವರಿಗಿಂತ ಮೊದಲೇ ತೀರಿಕೊಂಡರು. ಇಷ್ಟು ಹಳೆಯ, ಇಷ್ಟು ಪಳಗಿದ ಚಿಕಿತ್ಸೆಯನ್ನು ಎಲ್ಲೂರಿನಿಂದ ಕಾರಿನಲ್ಲಿ ಮುಕ್ಕಾಲು ಗಂಟೆಯೊಳಗಿನ ಮಣಿಪಾಲದ ಪಕ್ಕ ಇಟ್ಟುಕೊಂಡು ನಾವು ನೂಲು ಕಟ್ಟಿಸುತ್ತಿದ್ದೇವೆ.

ಕಸ್ತೂರ್ಬಾ ಆಸ್ಪತ್ರೆ ನಮ್ಮ ಜಿಲ್ಲೆಯಲ್ಲಿದೆ, ಕೆ.ಎಂ.ಸಿ. 1953ರಿಂದ ಉಂಟು. ದೇಶದ ಬೇರೆ ಎಷ್ಟೋ ಜಿಲ್ಲೆಗಳಿಗೆ ಇಂಥ ಅದೃಷ್ಟ ಇಲ್ಲ. ಹಾಗಾದರೆ ಕೊರತೆ ಎಲ್ಲಿ? ಕೊನೆಯ ಮೆಟ್ಟಿಲಲ್ಲಿ ಅಲ್ಲ, ಮೊದಲ ಮೆಟ್ಟಿಲಲ್ಲಿ. ಬಿದ್ದ ದಿನ ಇಸಿಜಿ ತೆಗೆಯುವುದರಲ್ಲಿ.

ಅದು ಆಗದ ಕೆಲಸ ಅಲ್ಲ. ಮಂಗಳೂರಿನ ಕೆ.ಎಂ.ಸಿ.ಯ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಹಳ್ಳಿಯ ಆರೋಗ್ಯ ಕೇಂದ್ರಗಳಿಗೆ ಇಸಿಜಿ ಯಂತ್ರ ಕೊಡಿಸಿ, ಅಲ್ಲಿ ತೆಗೆದದ್ದನ್ನು ವಾಟ್ಸಪ್ಪಿನಲ್ಲಿ ತಜ್ಞರು ನೋಡಿ ಹೇಳುವ ವ್ಯವಸ್ಥೆ ಮಾಡಿ ವರ್ಷಗಳಾದವು. ಸರ್ಕಾರವೂ 2023ರಲ್ಲಿ ಪುನೀತ್ ರಾಜ್‌ಕುಮಾರ್ ಹೆಸರಿನಲ್ಲಿ ಹೃದಯ ಜ್ಯೋತಿ ಯೋಜನೆ ತಂದು, ತಾಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದು ದೊಡ್ಡ ಆಸ್ಪತ್ರೆಯ ತಜ್ಞರಿಗೆ ತೋರಿಸುವ ದಾರಿ ಹಾಕಿದೆ. ಆದರೆ ಅದರ ಗಮನ ಹೃದಯಾಘಾತದ ಮೇಲೆ. ಎದೆ ಹಿಡಿದುಕೊಂಡು ಬಂದವರಿಗೆ ಇಸಿಜಿ. ತಲೆ ಹಿಡಿದುಕೊಂಡು ಬಂದವರಿಗೆ? ಯಂತ್ರ ಅದೇ, ಕಾಗದ ಅದೇ, ವಾಟ್ಸಪ್ ಅದೇ. ಪ್ರಜ್ಞೆ ತಪ್ಪಿ ಬಿದ್ದವರು ಯಾವ ವಯಸ್ಸಿನವರಾದರೂ ಅಂದೇ ಇಸಿಜಿ ತೆಗೆಯಬೇಕು ಎಂಬ ಒಂದು ಸಾಲಿನ ಆದೇಶ ಪ್ರಾಥಮಿಕ ಆರೋಗ್ಯ ಕೇಂದ್ರದ ಗೋಡೆಯಲ್ಲಿ ಇರಬೇಕು ಎಂಬುದು ನಮ್ಮ ಒತ್ತಾಯ.

ಯಂತ್ರಕ್ಕೆ ದುಡ್ಡಿಲ್ಲ ಎನ್ನುವವರಿಗೆ ಒಂದು ಮಾತು. ಎಲ್ಲೂರಿನಲ್ಲಿ 1200 ಮೆಗಾವಾಟ್‌ನ ಕಲ್ಲಿದ್ದಲು ವಿದ್ಯುತ್ ಸ್ಥಾವರ ಉಂಟು. ಮೊದಲ ಘಟಕ ಶುರುವಾದದ್ದು 2010ರಲ್ಲಿ. ಹೊಗೆ, ಬೂದಿ, ಬೆಳೆಯ ವಿಷಯದಲ್ಲಿ ನಡೆದ ಹೋರಾಟವನ್ನು ನಂದಿಕೂರು, ಪಡುಬಿದ್ರಿ, ಎಲ್ಲೂರಿನವರಿಗೆ ನಾವು ಹೊಸದಾಗಿ ಹೇಳಬೇಕಾಗಿಲ್ಲ. ಲಾಭದ ಒಂದು ಪಾಲನ್ನು ಸಮಾಜಕ್ಕೆ ಖರ್ಚು ಮಾಡಬೇಕೆಂದು 2013ರ ಕಂಪನಿ ಕಾಯ್ದೆ ದೊಡ್ಡ ಕಂಪನಿಗಳಿಗೆ ಹೇಳುತ್ತದೆ. ಸುತ್ತಲಿನ ಪಂಚಾಯತುಗಳು ಬಸ್ ನಿಲ್ದಾಣ, ಗೇಟು ಕೇಳುವ ಪಟ್ಟಿಯಲ್ಲಿ ಮೊದಲು ಇಸಿಜಿ ಯಂತ್ರ ಬರೆಯಲಿ. ಒಂದು ಪೇಸ್‌ಮೇಕರ್ ನಡೆಯಲು ಬೇಕಾದದ್ದು ಒಂದು ವಾಟಿನ ಲಕ್ಷದಲ್ಲಿ ಒಂದೆರಡು ಪಾಲು ವಿದ್ಯುತ್. ಇಡೀ ರಾಜ್ಯಕ್ಕೆ ಕರೆಂಟ್ ಕೊಡುವ ಊರಿಗೆ ಅಷ್ಟರ ಲೆಕ್ಕವೂ ಸಿಗದಿದ್ದರೆ ಹೇಗೆ?

ಕರೆಂಟಿನ ಮಾತು ಬಂತು, ದೊಡ್ಡಮ್ಮನ ಎರಡನೇ ಪ್ರಶ್ನೆಯನ್ನೂ ಹೇಳಿಬಿಡುತ್ತೇವೆ. ಅವರ ತೋಟದಿಂದ ನೋಡಿದರೆ ಹೈಟೆನ್ಷನ್ ಟವರು ಕಾಣುತ್ತದೆ. "ಆ ತಂತಿ ನನ್ನ ಮಿಷನ್ ಎಳೀತದಾ?" ಎಂಬುದು ಅವರ ಭಯ. ನೆರೆಮನೆಯವರು ಇನ್ನಷ್ಟು ಹೆದರಿಸಿದ್ದಾರೆ. ಮಿಕ್ಸಿ ಮುಟ್ಟಬೇಡಿ, ಟಿ.ವಿ. ನೋಡಬೇಡಿ, ಮೊಬೈಲ್ ಹಿಡಿಯಬೇಡಿ ಅಂತ. ಆಸ್ಪತ್ರೆಯಿಂದ ಕೊಟ್ಟ ಪುಸ್ತಕ ಇಂಗ್ಲಿಷಿನಲ್ಲಿದೆ. ಓದಿ ಹೇಳುವವರಿಲ್ಲ.

ಮಿಕ್ಸಿ, ಟಿ.ವಿ., ಫ್ರಿಜ್ಜು, ಗ್ರೈಂಡರು, ಪಂಪಿನ ಸ್ವಿಚ್ಚು, ಯಾವುದಕ್ಕೂ ಹೆದರಬೇಕಾಗಿಲ್ಲ. ಮೊಬೈಲಿನಲ್ಲಿ ಮಾತಾಡಿ, ಆದರೆ ಯಂತ್ರ ಇರುವ ಬದಿಯ ಕಿವಿಗೆ ಬೇಡ, ಅಂಗಿಯ ಎದೆ ಜೇಬಿನಲ್ಲೂ ಬೇಡ. ಒಂದು ಗೇಣು ದೂರ ಇರಲಿ. ಕೆಲವು ಹೊಸ ಫೋನುಗಳಲ್ಲಿ, ಇಯರ್‌ಫೋನ್ ಡಬ್ಬಿಗಳಲ್ಲಿ ಗಟ್ಟಿ ಅಯಸ್ಕಾಂತ ಇರುತ್ತದೆ, ಎಚ್ಚರ ಬೇಕಾದದ್ದು ಅದಕ್ಕೆ. ಇಂಡಕ್ಷನ್ ಒಲೆಯಿಂದ ಎರಡಡಿ ದೂರ ನಿಲ್ಲಿ. ವೆಲ್ಡಿಂಗ್ ಮಾಡುವವರು ಡಾಕ್ಟ್ರನ್ನು ಕೇಳದೆ ಕೆಲಸಕ್ಕೆ ಹಿಂತಿರುಗಬೇಡಿ. ಹುಲ್ಲು ಕೊಚ್ಚುವ ಯಂತ್ರದ ಎಂಜಿನ್ ಎದೆಗೆ ಒತ್ತದಿರಲಿ, ಅದರ ಪಟ್ಟಿ ಡಬ್ಬಿಯ ಮೇಲೆ ಉಜ್ಜದಿರಲಿ. ಹೈಟೆನ್ಷನ್ ತಂತಿಯ ಅಡಿಯಲ್ಲಿ ನಡೆದು ಹೋಗುವುದಕ್ಕೆ ಹೆದರಬೇಡಿ, ಅಲ್ಲೇ ನಿಂತು ಹೊತ್ತು ಕಳೆಯುವುದು ಬೇಡ. ಸಬ್‌ಸ್ಟೇಷನ್ ಒಳಗೆ, ದೊಡ್ಡ ಜನರೇಟರುಗಳ ಹತ್ತಿರ ಕೆಲಸ ಮಾಡುವವರ ವಿಷಯ ಬೇರೆ, ಅವರು ಕೇಳಿಯೇ ಹೋಗಬೇಕು. ಲೈನಿನ ಹತ್ತಿರ ಮನೆ ಇದ್ದರೆ ಚೆಕಪ್ ದಿನ ಅದನ್ನು ಹೇಳಿ. ಹೊರಗಿನ ವಿದ್ಯುತ್ತಿನ ಅಡಚಣೆ ಆಗಿದ್ದರೆ ಅದರ ಗುರುತನ್ನು ಈಗಿನ ಯಂತ್ರಗಳು ನೆನಪಿನಲ್ಲಿ ಇಟ್ಟುಕೊಳ್ಳುತ್ತವೆ. ಹಾಕಿಸಿದ ಹೊಸತರಲ್ಲಿ ನಾಲ್ಕರಿಂದ ಆರು ವಾರ ಆ ಬದಿಯ ಕೈಯಿಂದ ಬಾವಿ ನೀರು ಸೇದುವುದು, ತಲೆಯ ಮೇಲಕ್ಕೆ ಕೈ ಎತ್ತಿ ಕೊಕ್ಕೆ ಎಳೆಯುವುದು ಬೇಡ, ತಂತಿ ಜರುಗುತ್ತದೆ. ಹಾಗೆಂದು ಕೈಯನ್ನು ಕಟ್ಟಿಹಾಕಿ ಕೂರಲೂ ಬಾರದು, ಭುಜ ಹಿಡಿದುಕೊಳ್ಳುತ್ತದೆ. ಗಾಯ ಕೆಂಪಾದರೆ, ಊದಿದರೆ, ಕೀವು ಬಂದರೆ ಅರಿಶಿನ ಹಚ್ಚಿ ಕಾಯಬೇಡಿ, ಅಂದೇ ಆಸ್ಪತ್ರೆಗೆ ಹೋಗಿ.

ಇಷ್ಟನ್ನು ಕನ್ನಡದಲ್ಲಿ ಒಂದು ಹಾಳೆಯಲ್ಲಿ ಅಚ್ಚು ಹಾಕಿಸಲು ಎಷ್ಟು ಖರ್ಚು? ಎದೆಯೊಳಗೆ ಲಕ್ಷ ರೂಪಾಯಿಯ ಯಂತ್ರ ಇಟ್ಟು ಕೈಗೆ ಇಂಗ್ಲಿಷ್ ಪುಸ್ತಕ ಕೊಟ್ಟು ಕಳಿಸುವುದನ್ನು ಚಿಕಿತ್ಸೆ ಎಂದು ನಾವು ಒಪ್ಪುವುದಿಲ್ಲ. ಪೇಸ್‌ಮೇಕರ್ ಹಾಕಿದವರಿಗೆ ಕೊನೆಗಾಲದಲ್ಲಿ ಜೀವ ಹೋಗುವುದಿಲ್ಲ, ನರಳುತ್ತಾ ಇರಬೇಕಾಗುತ್ತದೆ ಎಂಬ ಮಾತೂ ಊರಲ್ಲಿ ಉಂಟು. ಈ ಹೆದರಿಕೆಯಿಂದಲೇ ಬೇಡ ಎಂದವರನ್ನು ನಾವು ಕಂಡಿದ್ದೇವೆ. ಅದು ಸುಳ್ಳು. ಸಾಯುವ ಹೊತ್ತಿಗೆ ಹೃದಯದ ಸ್ನಾಯು ಯಂತ್ರದ ಸೂಚನೆಗೆ ಓಗೊಡುವುದಿಲ್ಲ, ಸಾವು ಬರುವ ಹಾಗೆಯೇ ಬರುತ್ತದೆ. ಆದರೆ ಒಂದು ವಿಷಯ ಮನೆಯವರು ನೆನಪಿಡಬೇಕು. ಚಿತೆಗೆ ಇಡುವ ಮೊದಲು ಯಂತ್ರವನ್ನು ತೆಗೆಸಬೇಕು. ಬೆಂಕಿಯಲ್ಲಿ ಅದರ ಬ್ಯಾಟರಿ ಸಿಡಿಯುತ್ತದೆ. ಮನೆಯಲ್ಲೇ ತೀರಿಕೊಂಡವರ ವಿಷಯದಲ್ಲಿ ಇದನ್ನು ಯಾರು, ಎಲ್ಲಿ ತೆಗೆಯಬೇಕು ಎಂಬುದನ್ನು ಡಿಸ್ಚಾರ್ಜ್ ದಿನವೇ ಕೇಳಿಟ್ಟುಕೊಳ್ಳಿ. ಅಶುಭ ಮಾತು ಎಂದು ಬಾಯಿ ಮುಚ್ಚುವುದು ಬೇಡ.

ಇನ್ನು ದುಡ್ಡಿನ ವಿಷಯ. 2017ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಸ್ಟೆಂಟಿಗೆ ಬೆಲೆ ಕಟ್ಟಿತು. ಸಾದಾ ಸ್ಟೆಂಟಿಗೆ 7,260 ರೂಪಾಯಿ, ಔಷಧಿ ಲೇಪಿಸಿದ್ದಕ್ಕೆ 29,600. ಅದಕ್ಕೆ ಮೊದಲು ಲಕ್ಷ ದಾಟಿ ವಸೂಲಿ ಮಾಡುತ್ತಿದ್ದ ವಸ್ತು ಅದು. ಅದೇ ಆಗಸ್ಟಿನಲ್ಲಿ ಮೊಣಕಾಲಿನ ಕೀಲಿಗೂ ಬೆಲೆ ಕಟ್ಟಿತು. ಪೇಸ್‌ಮೇಕರಿಗೆ ಅಂಥ ಗರಿಷ್ಠ ಬೆಲೆ ಇಲ್ಲ. 2020ರ ಏಪ್ರಿಲ್ 1ರಿಂದ ಎಲ್ಲ ವೈದ್ಯಕೀಯ ಸಾಧನಗಳನ್ನೂ ಔಷಧಿಯ ಕಾನೂನಿನೊಳಗೆ ತಂದು, ಎಂ.ಆರ್.ಪಿ.ಯನ್ನು ವರ್ಷಕ್ಕೆ ಶೇ. 10ಕ್ಕಿಂತ ಹೆಚ್ಚು ಏರಿಸಬಾರದು ಎಂದರು. ಮೊದಲೇ ಏರಿ ಕೂತ ಬೆಲೆಗೆ ಈ ನಿಯಮ ಏನು ಮಾಡಿತು? ಸ್ಟೆಂಟ್ ಹಾಕಿಸಿಕೊಂಡವರು ಲಕ್ಷಾಂತರ ಜನ, ದೊಡ್ಡ ದನಿ. ನಿಧಾನ ಹೃದಯದವರು ಕಡಿಮೆ, ಹೆಚ್ಚಿನವರು ಮುದುಕರು. ಕೇಳುವವರಿಲ್ಲದ ಕಡೆ ಬೆಲೆ ಕೆಳಗೆ ಇಳಿಯುವುದಿಲ್ಲ ಎಂದೇ ನಮ್ಮ ಅನಿಸಿಕೆ. ಕನಿಷ್ಠ ಒಂದು ತಂತಿಯ, ಎರಡು ತಂತಿಯ ಸಾಮಾನ್ಯ ಮಾದರಿಗಳಿಗಾದರೂ ಬೆಲೆ ಕಟ್ಟಬೇಕು. ನಮ್ಮ ಸಂಸದರು ಇದನ್ನು ಲೋಕಸಭೆಯಲ್ಲಿ ಕೇಳಲಿ.

ಬೆಲೆ ಇಳಿಯುವ ತನಕ ಕಾಯಬೇಕಾಗಿಲ್ಲ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಪೇಸ್‌ಮೇಕರ್ ಹಾಕುವುದು ಸೇರಿದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30, ವರ್ಷಕ್ಕೆ 1.5 ಲಕ್ಷದ ಮಿತಿ. ತುರ್ತು ಅಲ್ಲದಿದ್ದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ನಮ್ಮವರು ನೇರವಾಗಿ ದೊಡ್ಡ ಆಸ್ಪತ್ರೆಗೆ ಹೋಗಿ, ಹಣ ಕಟ್ಟಿ, ಆಮೇಲೆ ಕಾರ್ಡ್ ಹುಡುಕುತ್ತಾರೆ. ಮೊದಲು ಕಾಪು, ಶಿರ್ವ, ಕಾರ್ಕಳ, ಅಜ್ಜರಕಾಡು, ನಿಮಗೆ ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ. ಪ್ರಜ್ಞೆ ತಪ್ಪುತ್ತಿದ್ದರೆ ಮಾತ್ರ ಚೀಟಿಗಾಗಿ ಅಲೆಯಬೇಡಿ, 108 ಕರೆಯಿರಿ.

ಇದನ್ನು ಓದಿ ನಾಳೆ ಎಲ್ಲರೂ ಪೇಸ್‌ಮೇಕರ್ ಕೇಳಿಕೊಂಡು ಹೋಗುವುದೂ ಬೇಡ. ನಾಡಿ ನಿಧಾನ ಇದ್ದ ಕೂಡಲೇ ಯಂತ್ರ ಅಲ್ಲ. ಬಿ.ಪಿ.ಗೆ ಕೊಡುವ ಅಟೆನೊಲಾಲ್, ಮೆಟೊಪ್ರೊಲಾಲ್ ಜಾತಿಯ ಮಾತ್ರೆಗಳು ಬಡಿತ ಇಳಿಸುತ್ತವೆ. ಗ್ಲಾಕೋಮಾಗೆ ಕಣ್ಣಿಗೆ ಬಿಡುವ ಟಿಮೊಲಾಲ್ ಹನಿಯೂ ಇಳಿಸಬಹುದು, ಇದು ನಮಗೂ ಆಶ್ಚರ್ಯ ತಂದ ವಿಷಯ. ಥೈರಾಯ್ಡ್ ಕಡಿಮೆಯಾದರೂ ಹಾಗಾಗುತ್ತದೆ. ದಿನಾ ಕಬಡ್ಡಿ ಆಡುವ ಹುಡುಗನ ನಾಡಿ 50 ಇದ್ದರೆ ಅದು ರೋಗವಲ್ಲ. ಒಂದು ಇಸಿಜಿಯಲ್ಲಿ ಸಿಗದಿದ್ದರೆ 24 ಗಂಟೆ ಮೈಗೆ ಕಟ್ಟಿಕೊಳ್ಳುವ ಹೋಲ್ಟರ್ ಪರೀಕ್ಷೆ ಉಂಟು. ಮಾತ್ರೆಯ ಚೀಟಿಗಳನ್ನೆಲ್ಲ ಹಿಡಿದುಕೊಂಡೇ ಹೋಗಿ. ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಯಂತ್ರ ಹಾಕಲೇಬೇಕು ಎಂದರೆ ಯಾಕೆ, ಯಾವ ಮಾದರಿ, ಎಂ.ಆರ್.ಐ. ಮಾಡಬಹುದಾದದ್ದಾ, ಬ್ಯಾಟರಿ ಎಷ್ಟು ವರ್ಷ ಎಂದು ಕೇಳಿ. ಕೇಳುವುದು ಅವಮಾನ ಮಾಡಿದ ಹಾಗಲ್ಲ.

ದೈವದ ದರ್ಶನ ಕೇಳಬೇಡಿ ಎಂದೂ ನಾವು ಹೇಳುವುದಿಲ್ಲ. ಕೋಲದ ದಿನ ಕೇಳಿ. ಇಸಿಜಿಯನ್ನು ಬಿದ್ದ ದಿನವೇ ತೆಗೆಸಿ.

ಹಾಕಿದ ಮೇಲಿನ ಅಲಕ್ಷ್ಯ ಇನ್ನೊಂದು ಕಥೆ. ಬ್ಯಾಟರಿ ಸಾಮಾನ್ಯವಾಗಿ 8ರಿಂದ 12 ವರ್ಷ ಬರುತ್ತದೆ, ಕೆಲಸ ಹೆಚ್ಚಿದ್ದರೆ ಬೇಗ ಮುಗಿಯುತ್ತದೆ. ಮುಗಿಯುವ ಕೆಲವು ತಿಂಗಳು ಮೊದಲು ಯಂತ್ರ ಸೂಚನೆ ಕೊಡುತ್ತದೆ, ಆದರೆ ಚೆಕಪ್ಪಿಗೆ ಹೋದರೆ ತಾನೇ ಯಾರಾದರೂ ನೋಡುವುದು? ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ಹೋಗಬೇಕು. ಎದೆಯ ಮೇಲೆ ಮೌಸಿನಂಥದ್ದನ್ನು ಇಟ್ಟು ಕಂಪ್ಯೂಟರಿನಲ್ಲಿ ಎಲ್ಲವನ್ನೂ ಓದುತ್ತಾರೆ. ನೋವಿಲ್ಲ. ಆದರೆ ಈ ಹತ್ತಿಪ್ಪತ್ತು ನಿಮಿಷಕ್ಕೆ ಒಂದು ದಿನದ ಮೊಗ್ಗು ಬಿಡಬೇಕು, ಬಸ್ಸು ಹಿಡಿಯಬೇಕು, ಜೊತೆಗೆ ಒಬ್ಬರು ಕೆಲಸ ಬಿಟ್ಟು ಬರಬೇಕು. "ಈಗ ಆರಾಮ ಉಂಟಲ್ಲ, ಯಾಕೆ ಹೋಗುವುದು" ಅಂತ ಎರಡು ಸಲ ತಪ್ಪಿಸಿದವರು ಮತ್ತೆ ಹೋಗುವುದೇ ಇಲ್ಲ. ಮನೆಯಿಂದಲೇ ಫೋನಿನ ಮೂಲಕ ಆಸ್ಪತ್ರೆಗೆ ವಿವರ ಕಳಿಸುವ ಪೇಸ್‌ಮೇಕರ್‌ಗಳೂ ಬಂದಿವೆ, ಎಲ್ಲ ಮಾದರಿಯಲ್ಲಿ ಇಲ್ಲ. ಅದಿಲ್ಲದವರಿಗೆ ತಿಂಗಳಿಗೊಂದು ದಿನ ತಾಲೂಕು ಆಸ್ಪತ್ರೆಯಲ್ಲೇ ಪೇಸ್‌ಮೇಕರ್ ತಪಾಸಣೆ ಇಟ್ಟರೆ ಸಾಕು. ಓದುವ ಯಂತ್ರ ಒಂದು ಬ್ಯಾಗಿನಲ್ಲಿ ಹಿಡಿಯುತ್ತದೆ. ಕಣ್ಣಿನ ಶಿಬಿರ ಮಾಡುವ ಜಿಲ್ಲೆಗೆ ಇದು ಹೊಸ ವಿದ್ಯೆಯೇನಲ್ಲ.

ದೊಡ್ಡಮ್ಮನ ಮುಂದಿನ ಚೆಕಪ್ ದಿನಾಂಕವನ್ನು ಮೊಮ್ಮಗಳು ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಿಂದ ಸುತ್ತಿದ್ದಾಳೆ. ಮುರಿದ ಕೈ ಇನ್ನೂ ಪೂರ್ತಿ ಮಡಚುವುದಿಲ್ಲ, ಮೊಗ್ಗು ಕೊಯ್ಯುವುದು ಒಂದೇ ಕೈಯಲ್ಲಿ. ಬೇಗ ದಣಿಯುವುದು ನಿಂತಿದೆ. ನಾವು ಹೊರಡುವಾಗ ಅವರು ನಮ್ಮ ಮಣಿಕಟ್ಟು ಹಿಡಿದು, ಗೋಡೆಯ ಗಡಿಯಾರ ನೋಡಿ, ಎಣಿಸಿ, "ನಿಂದು 78" ಅಂದರು. ಆಸ್ಪತ್ರೆಯ ಸಿಸ್ಟರ್ ಕಲಿಸಿದ್ದಂತೆ. ಈಗ ಮನೆಗೆ ಬಂದವರದ್ದೆಲ್ಲ ನೋಡುತ್ತಾರೆ. ಕಳೆದ ವಾರ ಹಾಲು ತರುವ ಅಜ್ಜನದ್ದು 44 ಸಿಕ್ಕಿತಂತೆ. ನಾಡಿದ್ದು ಸೋಮವಾರ ಅವರನ್ನು ಇಸಿಜಿಗೆ ಕರೆದುಕೊಂಡು ಹೋಗುತ್ತಿದ್ದೇವೆ.